ಎಲ್ಸ್ಪಾ ಬಿಟ್ಟು ಹೇಳುತ್ತಿದ್ದ ಸಾಲು

ನಮ್ಮ ಹೆಲ್ಲುವೀಕ್ ಊರಿನಲ್ಲಿ ಎಲ್ಸ್ಪಾಳ ಮಾತು ಬಂದರೆ ಮೊದಲು ನೆನೆಯುವುದು ಅವಳ ನಾಲಗೆಯನ್ನು, ಆಮೇಲೆ ಅವಳ ಆಲೂಗೆಡ್ಡೆಯನ್ನು. ಕಡಲಿಗೆ ಅಷ್ಟು ಹತ್ತಿರದ, ಅಷ್ಟು ಕಲ್ಲು ತುಂಬಿದ ತುಂಡು ನೆಲದಲ್ಲಿ ಅಂಥ ಗೆಡ್ಡೆ ಬೆಳೆದವರು ಫಾರೋ ದ್ವೀಪಗಳಲ್ಲೇ ಇನ್ನೊಬ್ಬರಿಲ್ಲ ಎಂದು ನಮ್ಮೂರಿನವರು ಹೇಳಿಕೊಳ್ಳುತ್ತಾರೆ. ಅವಳ ಭಕ್ತಿಯ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಭಕ್ತಿ ಎಂದರೆ ಭಾನುವಾರ ಒಗೆದ ಬಟ್ಟೆ ಉಟ್ಟಷ್ಟು ಸಹಜ, ಅದನ್ನು ಯಾರೂ ಆಡಿ ತೋರಿಸುವುದಿಲ್ಲ. ಆದರೆ ನಾನು ಅವಳ ಪಕ್ಕದ ಮನೆಯಲ್ಲಿ ಬದುಕಿದವಳು, ಚರ್ಚಿನಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕುಳಿತವಳು. ಬೇರೆಯವರ ಕಿವಿಗೆ ಬೀಳದ್ದು ನನ್ನ ಕಿವಿಗೆ ಬಿದ್ದಿದೆ.

ನನ್ನ ಹೆಸರು ಮಾರ್ಯುನ್. ನನ್ನ ಅಣ್ಣ ದಾನ್ಯಲ್ ಮತ್ತು ಎಲ್ಸ್ಪಾಳ ಗಂಡ ಹಾನುಸ್ ಚಿಕ್ಕಂದಿನಿಂದ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವರು. ಒಬ್ಬನನ್ನು ಊಟಕ್ಕೆ ಕರೆದರೆ ಇನ್ನೊಬ್ಬನಿಗೂ ತಟ್ಟೆ ಇಡಬೇಕಿತ್ತು. ಹಾನುಸ್ ಮಾತು ಕಡಿಮೆ, ಎಚ್ಚರಿಕೆ ಜಾಸ್ತಿ. ದೋಣಿ ಕಟ್ಟಿದ ಗಂಟನ್ನು ಎರಡು ಸಲ ಮುಟ್ಟಿ ನೋಡದೆ ಮನೆಗೆ ಬರುವವನಲ್ಲ. "ನನ್ನ ಗಂಡ ಬಾಗಿಲು ಹಾಕಿದ್ದಾಗಿದೆಯಾ ಅಂತ ನೋಡೋಕೆ ಬಾಗಿಲು ತೆಗೀತಾನೆ" ಎಂದು ಎಲ್ಸ್ಪಾ ನಗುತ್ತಿದ್ದಳು.

ಬೇಸಿಗೆ ಹುಟ್ಟುವ ಹೊತ್ತಿಗೆ ಗಂಡಸರು ಉತ್ತರಕ್ಕಿರುವ ಕಡಿದಾದ ಕಡಲಬಂಡೆಗೆ ಹೋಗಿ ಕಡಲಹಕ್ಕಿಯ ಮೊಟ್ಟೆ ತರುತ್ತಾರೆ. ಒಬ್ಬನನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸುತ್ತಾರೆ. ಹಗ್ಗ ಹಿಡಿದವರು ಹಿಂದೆ ಹುಲ್ಲಿನಲ್ಲಿ ಕಾಲೂರಿ ಕೂತಿರುತ್ತಾರೆ, ಅವರಿಗೆ ಇಳಿದವನು ಕಾಣುವುದಿಲ್ಲ. ಅದಕ್ಕೆಂದೇ ಒಬ್ಬ ಬಂಡೆಯ ಅಂಚಿನಲ್ಲಿ ಬೋರಲಾಗಿ ಮಲಗಿ, ಕೆಳಗಿನವನ ಕೂಗಿಗೆ ಕಿವಿಯಿಟ್ಟು, ಎಳೆಯಿರಿ, ಬಿಡಿ ಎಂದು ಹಿಂದಿನವರಿಗೆ ಹೇಳಬೇಕು. ಹಾನುಸ್ ಇಳಿದಾಗಲೆಲ್ಲ ಅಂಚಿನಲ್ಲಿ ಇರುತ್ತಿದ್ದವನು ನನ್ನ ಅಣ್ಣ.

ಆ ವರ್ಷ ಪೆಂತೆಕೊಸ್ತ ಹಬ್ಬದ ಮಾರನೆಯ ದಿನ ಗಾಳಿ ನಿಂತು ಕಡಲು ಹಾಲಿನಂತೆ ಮಲಗಿತ್ತು. ಅಂಥ ದಿನ ವರ್ಷಕ್ಕೆ ಎಷ್ಟು ಬರುತ್ತದೆ! ಆರು ಮಂದಿ ಹೊರಟರು. ಹಾನುಸ್ ಇಳಿದ. ಅಗಲವಾದ ಚಾಚುಬಂಡೆಯೊಂದನ್ನು ಮುಟ್ಟಿ, ಎಲ್ಲರೂ ಮಾಡುವಂತೆ ಹಗ್ಗ ಬಿಚ್ಚಿಟ್ಟು, ಮೊಟ್ಟೆ ಆರಿಸಲು ನಡೆದ. ಆಮೇಲೆ ಕೂಗು ಬರಲಿಲ್ಲ. ದಾನ್ಯಲ್ ಕಾದ. ಒಂದು ಸಲ ಏನೋ ಕೇಳಿಸಿದಂತಾಯಿತಂತೆ. ಆದರೆ ಸಾವಿರಾರು ಹಕ್ಕಿಗಳು ಒಟ್ಟಿಗೆ ಅರಚುವ ಆ ಜಾಗದಲ್ಲಿ ಕೇಳಿಸಿದ್ದು ಮನುಷ್ಯನ ಗಂಟಲೋ ಹಕ್ಕಿಯದೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಎಳೆಸಿದ. ಬರೀ ಹಗ್ಗ ಬಂತು. ಇನ್ನೊಬ್ಬ ಇಳಿದು ನೋಡಿದರೆ ಚಾಚುಬಂಡೆ ಒಣಗಿಯೇ ಇತ್ತು. ಮೊಟ್ಟೆ ತುಂಬಿದ ಬುಟ್ಟಿ ನೆಟ್ಟಗೆ ಕೂತಿತ್ತು, ಒಂದೂ ಒಡೆದಿರಲಿಲ್ಲ. ಹಾನುಸ್ ಇರಲಿಲ್ಲ. ದೋಣಿಗಳು ಮೂರು ದಿನ ಹುಡುಕಿದವು. ಕಡಲು ಅವನನ್ನು ಕೊಡಲಿಲ್ಲ.

ಮೊದಲ ದಿನ ಸುದ್ದಿ ತಂದ ಗಂಡಸರು ಬಂದಾಗ ಎಲ್ಸ್ಪಾ ಗೆಡ್ಡೆಯ ಸಾಲಿಗೆ ಗೊಬ್ಬರವೆಂದು ಕಡಲಪಾಚಿ ಹೊತ್ತು ಹಾಕುತ್ತಿದ್ದಳು. ಬಸುರಿ. ನಾನು ಬೇಲಿಕಲ್ಲಿನ ಈಚೆ ನಿಂತಿದ್ದೆ. ಅವಳು ಕೂಗಲಿಲ್ಲ, ಬೀಳಲಿಲ್ಲ. ಬುಟ್ಟಿ ಇಳಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕೇಳಿದಳು.

"ಅಂಚಲ್ಲಿ ಯಾರಿದ್ರು?"

"ದಾನ್ಯಲ್."

"ಅವನೆಲ್ಲಿ ಈಗ?"

"ಅಲ್ಲೇ ಮಲಗಿದಾನೆ. ಏಳು ಅಂದ್ರೆ ಏಳ್ತಿಲ್ಲ."

"ಅವನೊಬ್ಬನ್ನೇ ಬಂಡೆ ಮೇಲೆ ಬಿಟ್ಟು ಬಂದ್ರಾ?" ಅವಳ ದನಿ ಆಗ ಏರಿತು. "ಹೋಗಿ ಕರ್ಕೊಂಡ್ ಬನ್ನಿ. ಇವತ್ತು ಒಬ್ಬ ಹೋಗಿದ್ದು ಸಾಕು."

ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೋಡೆಯ ಆಚೆಯಿಂದ ಕೇಳಿಬಂದ ದನಿಯನ್ನು ನಾನು ಬರೆಯುವುದಿಲ್ಲ.

ನಮ್ಮೂರಲ್ಲಿ ಮೂವತ್ತು ಒಲೆ ಉರಿಯುತ್ತಿದ್ದರೆ ಮೂವತ್ತು ಕಾರಣ ಬೆಂದವು. ಹಾನುಸ್‌ನಂಥವನು ಕಾಲು ತಪ್ಪುವುದು ಹೇಗೆ? ಅವನು ಕೂಗಿಯೇ ಇರಬೇಕು, ದಾನ್ಯಲ್ ನಿದ್ದೆ ಮಾಡುತ್ತಿದ್ದನೋ ಏನೋ, ಹಬ್ಬದ ಮದ್ಯ ಇನ್ನೂ ಇಳಿದಿರಲಿಲ್ಲವೋ ಏನೋ. ಮುಖದ ಮೇಲೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ನನ್ನ ಅಣ್ಣ ದೋಣಿಗೆ ಹೋಗುವುದು ಬಿಟ್ಟ, ಚರ್ಚಿಗೆ ಹೋಗುವುದು ಬಿಟ್ಟ. ನಾನು ತಟ್ಟೆ ಇಟ್ಟರೆ ಎದ್ದು ಕುರಿಕೊಟ್ಟಿಗೆಗೆ ಹೋಗುತ್ತಿದ್ದ.

ಎಲ್ಲರಿಗಿಂತ ಖಚಿತವಾದ ಕಾರಣ ಮುದುಕಿ ಸನ್ನಾಳ ಬಳಿ ಇತ್ತು. ಅವಳು ಕೆಟ್ಟವಳಲ್ಲ. ಊರಿನ ಎಲ್ಲ ಸಾವಿನ ಮನೆಗಳಲ್ಲೂ ಮೊದಲು ಹೋಗಿ ಒಲೆ ಹಚ್ಚುತ್ತಿದ್ದವಳು ಅವಳೇ. ಎಲ್ಸ್ಪಾಳಿಗೆ ಒಣಮಾಂಸದ ಸಾರು ಕುಡಿಸುತ್ತ ಹೇಳಿದಳು.

"ಬೇಜಾರ್ ಮಾಡ್ಕೋಬೇಡ ಮಗಳೇ. ಹಬ್ಬದ ದಿನ ಹೋಗಬಾರದಿತ್ತು. ಎರಡನೇ ದಿನಾನೂ ಹಬ್ಬಾನೇ. ದೇವರು ಅಳತೆ ಮಾಡಿ ಹೊಡೀತಾನೆ."

"ಆರು ಜನ ಹೋಗಿದ್ರು ಸನ್ನಾ."

"ಹೂಂ."

"ಐದು ಜನ ಮನೇಲಿ ಊಟ ಮಾಡ್ತಿದಾರೆ. ಅವರ ಮೇಲೆ ದೇವರಿಗೆ ಗುರಿ ತಪ್ತಾ?"

ಸನ್ನಾ ಚಮಚ ಕೆಳಗಿಟ್ಟಳು. "ಹಾಗೆಲ್ಲ ಮಾತಾಡಬಾರದು ಕಣೇ."

"ನೀನು ಅವನ ಬಗ್ಗೆ ಮಾತಾಡಿದ್ದಕ್ಕಿಂತ ನಾನೇನೂ ಕೆಟ್ಟದ್ದು ಹೇಳಲಿಲ್ಲ" ಎಂದಳು ಎಲ್ಸ್ಪಾ. ನಂತರ ಸಾರು ಮುಗಿಸಿದಳು, ಚೆನ್ನಾಗಿತ್ತು ಎಂದೂ ಹೇಳಿದಳು.

ಪಾದ್ರಿಗಳು ನಮ್ಮೂರಿಗೆ ಬರುವುದು ಕಡಲು ದಾರಿ ಬಿಟ್ಟಾಗ ಮಾತ್ರ. ಉಳಿದ ಭಾನುವಾರಗಳಲ್ಲಿ ಶಾಲೆಯ ಮೇಷ್ಟ್ರು ತುಮ್ಮಸ್ ಪುಸ್ತಕ ತೆರೆದು ಪ್ರಸಂಗ ಓದುತ್ತಿದ್ದರು, ಪ್ರಾರ್ಥನೆ ಹೇಳಿಸುತ್ತಿದ್ದರು. ಗಂಡ ಹೋದ ಮೊದಲ ಭಾನುವಾರವೇ ಎಲ್ಸ್ಪಾ ಬಂದು ತನ್ನ ಜಾಗದಲ್ಲಿ ಕೂತಳು. ಪರಲೋಕದ ತಂದೆಗೆ ಹೇಳುವ ಆ ಪ್ರಾರ್ಥನೆಯನ್ನು ನಾವೆಲ್ಲ ಒಟ್ಟಿಗೆ ಹೇಳುವಾಗ ಹಿಂದಿನ ಬೆಂಚಿನಲ್ಲಿದ್ದ ನನಗೆ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. 'ನಿನ್ನ ಚಿತ್ತ ನೆರವೇರಲಿ' ಎಂಬಲ್ಲಿ ಅದು ನಿಂತಿತು. ಎಲ್ಲರೂ ಆ ಸಾಲು ದಾಟಿ, ದಿನದ ರೊಟ್ಟಿ ಕೊಡು ಎಂದು ಬೇಡುವ ಮುಂದಿನ ಮಾತಿಗೆ ಬಂದಾಗ ಮತ್ತೆ ಸೇರಿಕೊಂಡಿತು. ದುಃಖದಲ್ಲಿ ಮರೆತಿರಬೇಕು ಅಂದುಕೊಂಡೆ. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ.

ಒಂದು ದಿನ ಬಾವಿಯ ಹತ್ತಿರ ಕೇಳಿಯೇ ಬಿಟ್ಟೆ.

"ಬೇಕಂತಾನೇ ಬಿಡ್ತೀನಿ" ಎಂದಳು. "ಆ ಸಾಲು ನನ್ನ ಬಾಯಲ್ಲಿ ಸುಳ್ಳಾಗುತ್ತೆ. ಅವನ ಮುಂದೆ ನಿಂತು ಅವನಿಗೇ ಸುಳ್ಳು ಹೇಳ್ಲಾ?"

"ಹಾಗಾದ್ರೆ ಚರ್ಚಿಗೆ ಯಾಕೆ ಬರ್ತೀಯ?"

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಜಗಳ ಆಗಿದೆ ಮಾರ್ಯುನ್, ಮನೆ ಬಿಟ್ಟಿಲ್ಲ. ನೀನು ನಿಮ್ಮಪ್ಪನ ಜೊತೆ ಮಾತು ಬಿಟ್ಟಿದ್ದಾಗ ಊಟಕ್ಕೆ ಎಲ್ಲಿ ಕೂರ್ತಿದ್ದೆ?"

ಅಣ್ಣನ ವಿಷಯಕ್ಕೆ ಬರುತ್ತೇನೆ. ನಮ್ಮ ಗುಡ್ಡದ ಮೇಲಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಚಳಿಗಾಲದಲ್ಲಿ ಉರಿಸುತ್ತೇವೆ. ಅದನ್ನು ಕೊಯ್ಯುವ ಕಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಎಲ್ಸ್ಪಾ ಸಲಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಹೊಟ್ಟೆ ಆಗಷ್ಟೇ ಕಾಣತೊಡಗಿತ್ತು. ಅವಳ ದನಿ ಕೇಳಿದ್ದೇ ದಾನ್ಯಲ್ ಹಿಂಬಾಗಿಲಿನತ್ತ ತಿರುಗಿದ.

"ಎಲ್ಲಿಗೆ ಹೋಗ್ತೀಯ? ಕೂತ್ಕೋ" ಎಂದಳು. ಅವನು ಕೂರಲಿಲ್ಲ, ಹೋಗಲೂ ಇಲ್ಲ. "ನನಗೆ ಮಣ್ಣು ಕೊಯ್ಯೋಕೆ ಗಂಡಸಿಲ್ಲ. ಚಳಿಗಾಲಕ್ಕೆ ಕೂಸು ಬರುತ್ತೆ. ನೀನು ಬಾ."

"ಬೇರೆ ಯಾರನ್ನಾದ್ರೂ ಕರಿ ಎಲ್ಸ್ಪಾ."

"ಬೇರೆಯವರು ಬರ್ತೀವಿ ಅಂದ್ರು. ನಾನೇ ಬೇಡ ಅಂದೆ. ನೀನು ನೇರ ಕೊಯ್ತೀಯ, ಅವರು ಹೆಂಟೆ ಮುರೀತಾರೆ."

ದಾನ್ಯಲ್ ಗೋಡೆ ನೋಡುತ್ತ ಮಾತಾಡಿದ. ಆ ವಿಷಯವಾಗಿ ಅವನು ಬಾಯಿಬಿಟ್ಟದ್ದು ಅದೇ ಮೊದಲು. "ಅವನು ಕೂಗಿದ್ನೋ ಏನೋ. ನನಗೆ ಕೇಳಿಸ್ಲಿಲ್ವೋ ಏನೋ. ಏನೋ ಕೇಳಿಸ್ತು, ಹಕ್ಕಿ ಅಂದ್ಕೊಂಡೆ. ಆಗ್ಲೇ ಎಳೆಸಿದ್ರೆ, ಆಗ್ಲೇ ಯಾರನ್ನಾದ್ರೂ ಇಳಿಸಿದ್ರೆ..."

ಅವಳು, ಇಲ್ಲ ಕಣೋ, ನಿನ್ನ ತಪ್ಪಲ್ಲ ಎಂದು ಹೇಳಿಬಿಡಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅವಳು ಹಾಗೆ ಹೇಳಲಿಲ್ಲ.

"ನನಗೆ ಗೊತ್ತಿಲ್ಲ" ಎಂದಳು. "ನಿನಗೂ ಗೊತ್ತಿಲ್ಲ. ಊರಿನವರಿಗಂತೂ ಏನೂ ಗೊತ್ತಿಲ್ಲ. ಗೊತ್ತಿರೋನು ಮೇಲೊಬ್ಬನಿದಾನೆ, ಅವನು ಹೇಳ್ತಿಲ್ಲ. ಯಾವತ್ತಾದ್ರೂ ಹೇಳ್ತಾನೆ, ಅಲ್ಲೀತನಕ ಅವನು ನನಗೆ ಮೋಸ ಮಾಡಿಲ್ಲ ಅಂತ ನಂಬ್ಕೊಂಡು ಇರ್ತೀನಿ. ಅಷ್ಟು ನಂಬೋದೇ ನನಗೆ ಸಾಕುಸಾಕಾಗಿದೆ. ಅದರ ಮೇಲೆ ನಿನ್ನನ್ನ ದ್ವೇಷ ಮಾಡೋ ಕೆಲಸಾನೂ ಹೊರೋಕೆ ನನ್ನ ಕೈಲಾಗಲ್ಲ. ಸಲಿಕೆ ತಗೋ."

ಅವನು ಸಲಿಕೆ ತೆಗೆದುಕೊಂಡ. ಇಬ್ಬರೂ ಊರಿನ ನಡುವಿನ ದಾರಿಯಲ್ಲೇ ಗುಡ್ಡಕ್ಕೆ ಹತ್ತಿದರು. ಹಿಂದಿನ ಅಡ್ಡದಾರಿ ಹತ್ತಿರವಿತ್ತು, ಅವಳು ಬೇಕೆಂದೇ ಆ ದಾರಿ ಬಿಟ್ಟಳು. ಕಿಟಕಿಗಳಲ್ಲಿ ಮುಖಗಳು ಕಂಡವು. ಆ ದಿನದ ಮೇಲೆ ನಮ್ಮೂರಿನಲ್ಲಿ ನನ್ನ ಅಣ್ಣನ ಬಗ್ಗೆ ಪಿಸುಮಾತು ಎದ್ದದ್ದು ನಾನು ಕೇಳಿಲ್ಲ. ವಿಧವೆಯೇ ಕೇಳದ ಲೆಕ್ಕವನ್ನು ಬೇರೆಯವರು ಕೇಳುವುದು ಹೇಗೆ?

ಮಾಗಿಯಲ್ಲಿ ಹೆಣ್ಣುಮಗು ಹುಟ್ಟಿತು. ಬಿಲ್ಲಾ ಎಂದು ಹೆಸರಿಟ್ಟರು. ಅಪ್ಪನಂತೆ ಎಲ್ಲವನ್ನೂ ಎರಡು ಸಲ ಮುಟ್ಟಿ ನೋಡುವ ಕೂಸು. ಮನೆಯಲ್ಲಿ ಮತ್ತೆ ನಗು ಕೇಳಿಸತೊಡಗಿತು. ಎಲ್ಸ್ಪಾ ಹೊಲಿದಳು, ಹೆಣೆದಳು, ಗೆಡ್ಡೆ ಬೆಳೆದಳು. ದಾನ್ಯಲ್ ಅವಳ ಹುಲ್ಲು ಕೊಯ್ದ, ಕುರಿಯ ಉಣ್ಣೆ ತೆಗೆದ, ಅವಳು ಅವನ ಕಾಲುಚೀಲ ಹೆಣೆದುಕೊಟ್ಟಳು. ಮದುವೆಯಾಗಲಿ ಎಂದು ಊರು ಕೆಲವು ವರ್ಷ ಕಾದು, ಆಗಲಿಲ್ಲವೆಂದು ಬೇಸರಪಟ್ಟು, ಬೇರೆ ಮಾತಿಗೆ ಹೋಯಿತು. ಅವರಿಬ್ಬರಿಗೆ ಅದು ತೋಚಿದಂತೆಯೇ ಕಾಣಲಿಲ್ಲ.

ಬಿಲ್ಲಾಳಿಗೆ ಐದು ತುಂಬುವಾಗ ಅವಳು ಎಡವತೊಡಗಿದಳು. ಮುಸ್ಸಂಜೆಯಲ್ಲಿ ಮೊದಲು, ಆಮೇಲೆ ಹಾಡಹಗಲಲ್ಲಿ. ಬಟ್ಟಲನ್ನು ಮೇಜಿನ ಅಂಚಿನಾಚೆ ಇಡುತ್ತಿದ್ದಳು. ತಾಯಿ ಅವಳನ್ನು ಹಡಗು ಹತ್ತಿಸಿ ನಮ್ಮ ದ್ವೀಪಗಳ ರಾಜಧಾನಿ ತೋರ್ಸ್‌ಹಾವನ್‌ಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಒಳ್ಳೆಯವರು. ಕಣ್ಣಿನೊಳಗೆ ದೀಪ ಹಿಡಿದು ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತು, ಇದಕ್ಕೆ ಮದ್ದಿಲ್ಲ, ಯಾಕೆ ಬಂತೆಂದು ನನಗೆ ತಿಳಿಯದು, ನಿಮ್ಮ ಕಡೆಯಿಂದ ಆದ ತಪ್ಪು ಏನೂ ಇಲ್ಲ ಎಂದರಂತೆ. ಏಳು ತುಂಬುವಷ್ಟರಲ್ಲಿ ಮಗುವಿಗೆ ಬೆಳಕು ಕತ್ತಲೆಯ ಭೇದವೂ ಉಳಿಯಲಿಲ್ಲ.

ಆ ಸಲ ಎಲ್ಸ್ಪಾ ಮಲಗಿಬಿಟ್ಟಳು. ಹುಲ್ಲು ಕೊಯ್ಯುವ ವಾರ, ಮೂರು ದಿನ ಬಿಸಿಲು ಇರುವ ಸೂಚನೆ. ಊರೆಲ್ಲ ಹೊಲದಲ್ಲಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬಿಲ್ಲಾಳಿಗೆ ಉಣ್ಣಿಸಿದೆ, ಎಲ್ಸ್ಪಾಳನ್ನು ಮಾತಾಡಿಸಿದೆ, ಅವಳು ತಿರುಗಲಿಲ್ಲ. ದಾನ್ಯಲ್ ಬಂದು ಬಾಗಿಲ ಬಳಿಯ ಪೆಟ್ಟಿಗೆಯ ಮೇಲೆ ಕೂತ. ನನ್ನ ಅಣ್ಣನಿಗೆ ಮಾತು ಬರುವುದಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತೇ ಇದ್ದ.

ಗೋಡೆಯ ಕಡೆ ತಿರುಗಿಕೊಂಡೇ ಅವಳು ಕೇಳಿದಳು. "ಏನಾದ್ರೂ ಹೇಳೋಕೆ ಬಂದಿದೀಯಾ?"

"ಇಲ್ಲ. ನೀನು ಅವತ್ತು ಸಲಿಕೆ ಹಿಡ್ಕೊಂಡ್ ಬಂದು ಹೇಳಿದ್ದು ಬಿಟ್ರೆ ನನ್ನ ಹತ್ರ ಬೇರೆ ಮಾತಿಲ್ಲ."

"ಆ ಮಾತು ನನಗೆ ಸಾಲ್ತಿಲ್ಲ ದಾನ್ಯಲ್."

"ನನಗೂ ಸಾಲ್ಲಿಲ್ಲ" ಎಂದ ಅವನು. "ಆದ್ರೂ ಬಂದೆನಲ್ಲ. ಮಣ್ಣು ಕೊಯ್ದೆ. ಸಾಲದಿರೋ ಮಾತು ಹಿಡ್ಕೊಂಡೇ ಇಷ್ಟು ವರ್ಷ ಬಂದೆ."

ಅವಳು ಅತ್ತಳು, ಜೋರಾಗಿ, ಮಗುವಿನ ಮುಂದೆಯೇ. ಬಿಲ್ಲಾ ಹಾಸಿಗೆಯನ್ನು ತಡವಿಕೊಂಡು ಹೋಗಿ ಅಮ್ಮನ ಮುಖವನ್ನು ಎರಡು ಕೈಯಿಂದ ಮುಟ್ಟಿ ನೋಡಿ, "ಒದ್ದೆ" ಎಂದಳು. ಎಲ್ಸ್ಪಾಳಿಗೆ ಅಳುವಿನ ನಡುವೆ ನಗು ಬಂತು. ಎದ್ದು ಕೂತಳು. ಮಧ್ಯಾಹ್ನದ ಹೊತ್ತಿಗೆ ನಾಲ್ವರೂ ಹೊಲದಲ್ಲಿದ್ದೆವು. ಕೊಯ್ದ ಹುಲ್ಲಿನ ಸಾಲನ್ನು ಕಾಲಿನಿಂದ ಹುಡುಕಿ ತಿರುವಿಹಾಕುವುದನ್ನು ಬಿಲ್ಲಾ ಆ ದಿನವೇ ಕಲಿತಳು.

ಅವಳ ನಂಬಿಕೆ ಅಲ್ಲಾಡಲೇ ಇಲ್ಲ ಎಂದು ಹೇಳಿದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ಗುಡ್ಡದ ಮೇಲೆ ಒಬ್ಬಳೇ ನಿಂತು ಆಕಾಶಕ್ಕೆ ಬೈಯುವುದನ್ನು ನಾನೇ ಕೇಳಿದ್ದೇನೆ. ಮೀನು ಮಾರುವವನಿಗೂ ಹಾಗೆ ಬೈಯಲಾರಳು. ಬೈದು ಮುಗಿಸಿ, ಹೊರೆ ಹೊತ್ತುಕೊಂಡು, ಭಾನುವಾರ ಮತ್ತೆ ಅದೇ ಬೆಂಚು. ಪ್ರಾರ್ಥನೆಯಲ್ಲಿ ಮಾತ್ರ ಆ ಒಂದು ಸಾಲು ಬರುವಲ್ಲಿ ಮೌನ.

ಅದು ಮುರಿದದ್ದು ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಒಂದು ವಸಂತದಲ್ಲಿ. ವಿಶೇಷವಾದ ಭಾನುವಾರವೇನಲ್ಲ. ಮಳೆ ಬರುತ್ತಿತ್ತು, ಮೇಷ್ಟ್ರಿಗೆ ನೆಗಡಿ. ಎಲ್ಲರ ಜೊತೆ ಅವಳ ದನಿಯೂ ಆ ಸಾಲನ್ನು ಹೇಳಿತು, ಗಟ್ಟಿಯೂ ಅಲ್ಲ ಮೆಲ್ಲಗೂ ಅಲ್ಲ. ನಾನೇ ಆ ಸಾಲು ತಪ್ಪಿ, ಮುಂದಿನದನ್ನು ಹಿಡಿಯಲು ತಡಕಾಡಿದೆ.

ಹೊರಗೆ ಬಂದು ಕೇಳಿದೆ. "ಏನಾಯ್ತೇ?"

"ಏನೂ ಆಗಿಲ್ಲ. ಬೆಳಿಗ್ಗೆ ಕುರಿ ಮರಿ ಹಾಕ್ತು."

"ಅದಲ್ಲ. ಅವನೇನಾದ್ರೂ ಕಾರಣ ಹೇಳಿದ್ನಾ?"

"ಎಲ್ಲಿ ಹೇಳ್ತಾನೆ." ತಲೆಯ ಶಾಲನ್ನು ಬಿಗಿಮಾಡಿಕೊಂಡಳು. "ಇಷ್ಟು ವರ್ಷ ಆ ಸಾಲು ಹೇಳಿದ್ರೆ, ಹಾನುಸ್ ಬಿದ್ದಿದ್ದು, ಮಗು ಕಣ್ಣು ಹೋಗಿದ್ದು ಎಲ್ಲ ಸರಿ ಅಂತ ರುಜು ಹಾಕಿದ ಹಾಗೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಕೊಟ್ಟಿಗೇಲಿ ಕೂತಿದ್ದಾಗ ಹೊಳೀತು. ನೆರವೇರಿದೆ ಅಂತ ಅಲ್ಲ ಮಾರ್ಯುನ್, ನೆರವೇರಲಿ ಅಂತ. ಅವನಿಗೆ ಬೇಕಾದ ಹಾಗೇ ಎಲ್ಲ ನಡೀತಿದ್ರೆ, ನಡೀಲಿ ಅಂತ ಕೇಳು ಅಂತ ನಮಗ್ಯಾಕೆ ಹೇಳಿಕೊಡ್ತಿದ್ದ? ಅವನಿಗೂ ಈ ಸಾವುನೋವೆಲ್ಲ ಸಾಕಾಗಿದೆ ಅನ್ಸುತ್ತೆ. ಅಷ್ಟಾದ್ರೆ ನಾನೂ ಕೇಳಬಹುದು."

ಓದಿದವರು ಇದನ್ನು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದೆ ಪಾದ್ರಿಗಳು ಬಂದಾಗ ಅವಳ ಮಾತನ್ನು ಅವರಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ.

ಬಿಲ್ಲಾ ಬೆಳೆದಳು. ಯುದ್ಧ ಮುಗಿದ ಮೇಲೆ ಡೆನ್ಮಾರ್ಕಿನ ಕುರುಡರ ಶಾಲೆಯಲ್ಲಿ ಎರಡು ವರ್ಷ ಇದ್ದು ಬೆರಳಿನಿಂದ ಓದಲು ಕಲಿತು ಬಂದಳು. ಕೀರ್ತನೆಗಳೆಲ್ಲ ಅವಳಿಗೆ ಬಾಯಿಪಾಠ. ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ, ಒಬ್ಬರು ರಾಗ ಎತ್ತಿಕೊಡಬೇಕು, ಉಳಿದವರು ಹಿಂಬಾಲಿಸಬೇಕು. ರಾಗ ಎತ್ತುತ್ತಿದ್ದ ಮುದುಕ ತೀರಿಕೊಂಡ ಮೇಲೆ ಆ ಕೆಲಸ ತಾನಾಗಿಯೇ ಅವಳಿಗೆ ಬಂತು. ಪಕ್ಕದ ದ್ವೀಪಗಳವರು ಕೇಳಲೆಂದೇ ದೋಣಿ ಮಾಡಿಕೊಂಡು ಬರುತ್ತಿದ್ದರು. ಹಾಗೆ ಬಂದ ಒಬ್ಬಾಕೆ ಎಲ್ಸ್ಪಾಳ ಕೈ ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತ ಹೇಳಿದಳು.

"ಈಗ ಗೊತ್ತಾಯ್ತು ನೋಡಿ ದೇವರು ಯಾಕೆ ಕಣ್ಣು ತಗೊಂಡ ಅಂತ. ಈ ಹಾಡಿಗೋಸ್ಕರ."

ಎಲ್ಸ್ಪಾ ಕೈ ಬಿಡಿಸಿಕೊಂಡಳು. "ಹಾಡೋಕೆ ಕಣ್ಣು ಕಳ್ಕೋಬೇಕಾಮ್ಮ? ನಿಮ್ಮೂರಲ್ಲಿ ಹಾಡೋರಿಗೆ ಕಣ್ಣಿಲ್ವಾ?" ಆಕೆಯ ಮುಖ ಕಂಡು ದನಿ ತಗ್ಗಿಸಿದಳು. "ಹಾಡು ಕೊಟ್ಟಿದಾನೆ. ದಿನಾ ಅವನಿಗೆ ಋಣಿ ಅಂತೀನಿ. ಕಣ್ಣಿನ ವಿಷಯ ಬೇರೆ. ಅದನ್ನ ಇನ್ನೂ ಕೇಳ್ತಾನೇ ಇದೀನಿ. ಎರಡನ್ನೂ ಒಂದೇ ಗಂಟಿಗೆ ಹಾಕ್ಬೇಡಿ. ಬನ್ನಿ, ಕಾಫಿ ಕುಡೀರಿ."

ಐವತ್ತರ ದಶಕದ ಒಂದು ಮಾರ್ಚ್ ತಿಂಗಳಲ್ಲಿ ಐಸ್‌ಲ್ಯಾಂಡಿನ ಕಡೆ ಮೀನಿಗೆ ಹೋದ ಹಡಗೊಂದು ಬರಲಿಲ್ಲ. ಅದರಲ್ಲಿ ನಮ್ಮೂರಿನವನು ಒಬ್ಬನಿದ್ದ. ಅವನ ಹೆಂಡತಿ ಅನ್ಸಿ ಇಪ್ಪತ್ತೆರಡರ ಹುಡುಗಿ, ಬೇರೆ ದ್ವೀಪದಿಂದ ಮದುವೆಯಾಗಿ ಬಂದವಳು. ಅವಳ ಮನೆ ತುಂಬ ಹೆಂಗಸರು ಕೂತಿದ್ದೆವು. ಒಬ್ಬೊಬ್ಬರೂ ಒಂದೊಂದು ಸಮಾಧಾನ ಹೇಳುತ್ತಿದ್ದೆವು, ನಾನೂ ಹೇಳಿದೆ. ಸನ್ನಾ ಆಗ ಬದುಕಿರಲಿಲ್ಲ, ಆದರೆ ಅವಳ ಮಾತುಗಳು ಇನ್ನೂ ಊರಲ್ಲಿದ್ದವು. ಎಲ್ಸ್ಪಾ ಬಂದವಳು ಯಾರಿಗೂ ನಮಸ್ಕಾರ ಹೇಳದೆ ಅಡುಗೆಮನೆಗೆ ಹೋಗಿ, ಗೆಡ್ಡೆಯ ಬುಟ್ಟಿ ಎಳೆದುಕೊಂಡು ಸಿಪ್ಪೆ ತೆಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಅನ್ಸಿ ನಮ್ಮ ನಡುವಿನಿಂದ ಎದ್ದು ಅಲ್ಲಿಗೇ ಹೋದಳು.

"ಎಲ್ಸ್ಪಾ, ಯಾಕೆ ಹೀಗಾಯ್ತು?"

"ಗೊತ್ತಿಲ್ಲ ಮಗಳೇ."

"ನಿಮಗಾದ್ರೂ ಗೊತ್ತಿರುತ್ತೆ ಅಂದ್ಕೊಂಡೆ."

"ಇಷ್ಟು ವರ್ಷದಿಂದ ದೇವರನ್ನ ಕೇಳ್ತಿದೀನಿ. ಹೇಳಿಲ್ಲ." ಇನ್ನೊಂದು ಚಾಕು ತೆಗೆದು ಅವಳ ಮುಂದಿಟ್ಟಳು. "ಆದ್ರೆ ಒಂದು ಗೊತ್ತು. ಅವನು ನನ್ನನ್ನ ಒಂದು ದಿನಾನೂ ಬಿಟ್ಟು ಹೋಗಿಲ್ಲ. ಬೈದಾಗ್ಲೂ ಹೋಗಿಲ್ಲ. ನೀನೂ ಬೈಬೇಕು ಅನ್ಸಿದ್ರೆ ಬೈ, ಗುಡ್ಡದ ಮೇಲೆ ಒಳ್ಳೇ ಜಾಗ ಇದೆ, ತೋರಿಸ್ತೀನಿ. ಈಗ ಇದನ್ನ ಸಿಪ್ಪೆ ತೆಗಿ. ಅಷ್ಟು ಜನಕ್ಕೆ ಊಟ ಆಗಬೇಕು."

ಅನ್ಸಿ ಚಾಕು ತೆಗೆದುಕೊಂಡಳು. ಆ ಬೇಸಿಗೆಯಲ್ಲಿ ಅವರಿಬ್ಬರೂ ಗುಡ್ಡ ಹತ್ತುವುದನ್ನು ಹಲವು ಸಲ ನೋಡಿದೆ. ಅಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ.

ದಾನ್ಯಲ್ ಮೊದಲು ಹೋದ, ನಿದ್ದೆಯಲ್ಲಿ, ತನ್ನ ಹಾಸಿಗೆಯಲ್ಲಿ. ಎಲ್ಸ್ಪಾ ಎಂಬತ್ತು ದಾಟಿದ ಮೇಲೆ ಒಂದು ಶರತ್ಕಾಲದ ಮಧ್ಯಾಹ್ನ ಹೋದಳು. ಎದೆಯಲ್ಲಿ ನೀರು ತುಂಬಿಕೊಂಡು ಕೆಲವು ವಾರ ಬಹಳ ಕಷ್ಟಪಟ್ಟಳು, ಅದು ಸುಖದ ಸಾವಾಗಿರಲಿಲ್ಲ. ಉಸಿರು ಸಿಕ್ಕಾಗಲೆಲ್ಲ, ಗೆಡ್ಡೆ ಕೀಳುವುದು ತಡವಾಯಿತು, ಕೊಳೆಯುತ್ತದೆ ಎಂದು ನಮ್ಮನ್ನು ಬೈಯುತ್ತಿದ್ದಳು. ಕೊನೆಗೆ ಆ ಮಧ್ಯಾಹ್ನ ಅನ್ಸಿಯೂ ನಾನೂ ಅವಳ ಕಿಟಕಿಗೆ ಕಾಣುವಂತೆ ಹೊಲಕ್ಕಿಳಿದು ಕೀಳತೊಡಗಿದೆವು. ಬಿಲ್ಲಾ ಒಳಗೆ ಅಮ್ಮನ ಕೈ ಹಿಡಿದು ಕೂತು ಕೀರ್ತನೆ ಹಾಡುತ್ತಿದ್ದಳು, ದನಿ ಕಿಟಕಿಯಿಂದ ಹೊಲಕ್ಕೆ ಬರುತ್ತಿತ್ತು. ಅದು ನಡುವೆ ಒಮ್ಮೆ ನಿಂತಿತು. ನಾವಿಬ್ಬರೂ ಸೊಂಟ ನೆಟ್ಟಗೆ ಮಾಡಿ ಒಬ್ಬರ ಮುಖ ಒಬ್ಬರು ನೋಡಿದೆವು. ಸ್ವಲ್ಪ ಹೊತ್ತಿಗೆ ಬಿಲ್ಲಾ, ಬಿಟ್ಟಲ್ಲಿಂದಲೇ, ಉಳಿದ ಚರಣವನ್ನು ಹಾಡಿ ಮುಗಿಸಿದಳು.